ಕಪ್ಪು ಕಿಟಕಿಯ ರೊಟ್ಟಿ

ಕಪ್ಪು ಕಿಟಕಿಯ ಹುಡಿ ಕಲಸಿ ರೊಟ್ಟಿ ತಟ್ಟುವಾಗ ಹಿಟ್ಟಿಗೆ ಉಪ್ಪು ಹಾಕಬಾರದು. ಹಾಕಿದರೆ ಅಕ್ಷರ ಏಳುವುದಿಲ್ಲ. ನೀರು ಕುದಿಯುತ್ತಿರಬೇಕು, ಅಕ್ಕಿ ಹಿಟ್ಟು ಒಂದು ಹಿಡಿ ಮೀರಬಾರದು, ಕಾವಲಿ ಕಬ್ಬಿಣದ್ದೇ ಆಗಬೇಕು. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮತ್ತೆ. ಅವರಿಗೆ ಕೊನೆಯವರೆಗೂ ಕಂಪ್ಯೂಟರ್ ಆನ್ ಮಾಡುವುದು ಬರಲಿಲ್ಲ. ಆದರೆ ಅವರ ಕೈಯ ರೊಟ್ಟಿಯಲ್ಲಿ ಒಂದು ಒತ್ತಕ್ಷರವೂ ಸೀದು ಹೋದದ್ದಿಲ್ಲ.

ಕಂಪ್ಯೂಟರಿನ ಪ್ರೈವೇಟ್ ವಿಂಡೋಗೆ ನಮ್ಮೂರಲ್ಲಿ ಕಪ್ಪು ಕಿಟಕಿ ಎನ್ನುತ್ತಾರೆ. ಅದನ್ನು ತೆರೆದು ಏನು ಹುಡುಕಿದರೂ, ಮುಚ್ಚಿದ ಮೇಲೆ ಯಂತ್ರದೊಳಗೆ ಏನೂ ಉಳಿಯುವುದಿಲ್ಲ. ಆದರೆ ಹಿಂಬದಿಯಲ್ಲಿ, ಫ್ಯಾನಿನ ಗಾಳಿ ಬರುವ ತೂತುಗಳ ಸುತ್ತ, ರಾಗಿ ಹಿಟ್ಟಿನ ಬಣ್ಣದ ಹುಡಿ ಬಂದು ಕೂರುತ್ತದೆ. ಆಗತಾನೆ ಕೂತದ್ದು ರವೆಯಂತೆ ತರಿಯಾಗಿರುತ್ತದೆ. ಹೊತ್ತು ಕಳೆದಂತೆ ಗಾಳಿಗೆ ಸವೆದು ಮೈದಾದಂತೆ ನುಣ್ಣಗಾಗುತ್ತದೆ. ಕಂಪ್ಯೂಟರ್ ಆರಿಸಿದರೆ ಎರಡು ನಿಮಿಷದಲ್ಲಿ ಎಲ್ಲವೂ ಹಾರಿಹೋಗುತ್ತದೆ. ಊರಿಗೆಲ್ಲ ಇರುವುದು ಗ್ರಂಥಾಲಯದ ಒಂದೇ ಯಂತ್ರ. ಬೆಳಿಗ್ಗೆ ಅದನ್ನು ಹಚ್ಚುವವರೂ ಸಂಜೆ ಆರಿಸುವವರೂ ಗ್ರಂಥಪಾಲಕ ತಿರುಮಲಯ್ಯನವರೇ. ಹಾಗಾಗಿ ಕಪ್ಪು ಕಿಟಕಿ ತೆರೆದವರು ಎದ್ದು ಹೋಗುವ ಮೊದಲು ಸೆರಗಿನಿಂದಲೋ ಟವೆಲಿನಿಂದಲೋ ಯಂತ್ರವನ್ನು ಒಮ್ಮೆ ಒರೆಸುತ್ತಾರೆ. ಒರೆಸುವವರ ಕಡೆ ನೋಡದಿರುವುದು ನಮ್ಮೂರಿನ ಮರ್ಯಾದೆ. ಬಚ್ಚಲಿಗೆ ಹೋಗುವವರನ್ನು ಯಾರಾದರೂ ನಿಂತು ನೋಡುತ್ತಾರೆಯೇ?

ಏನಾದರೂ ತಕರಾರು ಬಂದಾಗ ಮಾತ್ರ ಪಂಚಾಯ್ತಿಯವರು ನನ್ನನ್ನು ಕರೆಯುತ್ತಾರೆ. ನಾನು ಬ್ರಷ್ಷಿನಿಂದ ಹುಡಿಯನ್ನು ತಟ್ಟೆಗೆ ಇಳಿಸಿಕೊಳ್ಳುತ್ತೇನೆ. ಅರ್ಧ ರೊಟ್ಟಿಗೆ. ಉಳಿದರ್ಧ, ತಕರಾರು ಮುಗಿಯುವವರೆಗೆ, ಮುಚ್ಚಳವಿರುವ ಡಬ್ಬಿಗೆ. ರೊಟ್ಟಿ ಬೆಂದಾಗ ಮೇಲೆ ಕಂದು ಅಕ್ಷರಗಳು ಏಳುತ್ತವೆ. ಆರುವ ಮೊದಲು ಇಬ್ಬರು ಸಾಕ್ಷಿಗಳು ಓದಬೇಕು. ಓದಿದ ಮೇಲೆ ಆ ರೊಟ್ಟಿಯನ್ನು ಯಾರ ಗುಟ್ಟೋ ಅವರೇ ತಿನ್ನಬೇಕು. ಅಲ್ಲಿಗೆ ಗುಟ್ಟು ತಿರುಗಿ ಅವರ ಹೊಟ್ಟೆಗೆ ಸೇರಿತು. ಆಮೇಲೆ ಅದರ ಬಗ್ಗೆ ಯಾರೂ ಮಾತಾಡುವ ಹಾಗಿಲ್ಲ. ಒಮ್ಮೆ ಶಾಲೆಯ ಗಂಟೆ ಕಾಣೆಯಾಗಿ ಒಬ್ಬರ ಮೇಲೆ ಅನುಮಾನ ಬಂದು ರೊಟ್ಟಿ ತಟ್ಟಿದರೆ, ‘ಬೋಳು ತಲೆಗೆ ಈರುಳ್ಳಿ ರಸ ಎಷ್ಟು ದಿನ ಹಚ್ಚಬೇಕು’ ಎಂದು ಎದ್ದಿತ್ತು. ಯಾರೆಂದು ಹೇಳಲಾರೆ. ಅವರು ಎರಡೇ ತುತ್ತಿಗೆ ನುಂಗಿದರು. ಅವತ್ತಿನಿಂದ ಅವರು ಪಕ್ಕದಲ್ಲಿ ಹಾದುಹೋದರೆ ಈರುಳ್ಳಿ ವಾಸನೆ ಬಂದರೂ ಊರಲ್ಲಿ ಯಾರೂ ಮೂಗು ಮುಚ್ಚಿಲ್ಲ.

ಇಷ್ಟು ತಿಳಿದವಳು ನಾನು. ಆದರೂ ನಾನೇ ತಪ್ಪಿದೆ.

ನಮ್ಮೂರ ಕೆರೆಗೆ ಹದಿನೆಂಟು ಮೆಟ್ಟಿಲು. ಹೆಂಗಸರು ಬಟ್ಟೆ ಒಗೆಯುವುದು, ಕೊಡ ತುಂಬುವುದು, ಕಾಲು ತೊಳೆಯುವುದು ಎಲ್ಲ ನಾಲ್ಕನೆಯ ಮೆಟ್ಟಿಲವರೆಗೆ. ಅದರಾಚೆ ಇಳಿಯಬಾರದೆಂದು ಯಾರೂ ಹೇಳಿಲ್ಲ, ಇಳಿದವರೂ ಇಲ್ಲ. ಮಕ್ಕಳು ಮಾತ್ರ ಗಂಡು ಹೆಣ್ಣೆನ್ನದೆ ಈಜುತ್ತಾರೆ. ಕಲಿಸುವವನು ನೀರಗಂಟಿ ಭರಮಣ್ಣ. ಕೆರೆಯ ತೂಬಿನ ಬೀಗ, ಗೇಟಿನ ಬೀಗ, ಮನೆ ಮನೆಗೆ ನೀರು ಬಿಡುವ ಕೆಲಸ, ಎಲ್ಲ ಅವನದೇ. ಇಪ್ಪತ್ತೆಂಟು ವರ್ಷದಿಂದ ಬೀಗದ ಕೈಗಳು ಅವನ ಸೊಂಟದಲ್ಲಿ ಗಿಲಿಗಿಲಿ ಎನ್ನುತ್ತಿವೆ. ನನ್ನ ಮಗಳು ಇಂಚರಳ ಬೆನ್ನಿಗೂ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟವನು ಅವನೇ. ಆಗ ಅವಳಿಗೆ ಎಂಟು, ಈಗ ಹನ್ನೆರಡು. ಈ ನಾಲ್ಕು ವರ್ಷ ಪ್ರತಿ ಸಂಜೆ ನಾನು ನಾಲ್ಕನೆಯ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂತಿದ್ದೇನೆ. “ಆಳಕ್ಕೆ ಹೋಗ್ಬೇಡ ಕಣೇ!” ಎಂದು ನಾನು ಕೂಗುವುದು, “ಇಲ್ಲೇ ಇದೀನಮ್ಮಾ!” ಎಂದು ಅವಳು ಕೈ ಬೀಸುವುದು. ಅವಳು ಅಂಗಾತ ತೇಲುತ್ತ ಕಣ್ಣು ಮುಚ್ಚುವಾಗ ಮುಖದಲ್ಲಿ ಒಂದು ನೆಮ್ಮದಿ ಬರುತ್ತದಲ್ಲ, ಅದನ್ನು ನೋಡಿ ನೋಡಿ ನನ್ನ ಕಾಲ ಬೆರಳುಗಳು ತಾವಾಗಿಯೇ ಐದನೆಯ ಮೆಟ್ಟಿಲು ತಡಕುತ್ತಿದ್ದವು.

ಆ ಮಂಗಳವಾರ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿಟ್ಟು ಗ್ರಂಥಾಲಯಕ್ಕೆ ಹೋದೆ. ಕಪ್ಪು ಕಿಟಕಿ ತೆರೆದೆ. ಕೇಳಬೇಕಾದದ್ದನ್ನು ಕೇಳಿದೆ. ಉತ್ತರ ಓದುತ್ತ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ತಿರುಮಲಯ್ಯನವರು, “ಕಾಮಾಕ್ಷಮ್ಮ, ಟೀ ಕುಡೀತೀರಾ?” ಎನ್ನುತ್ತ ಒಳಗೆ ಬಂದರು. ತಟ್ಟನೆ ಕಿಟಕಿ ಮುಚ್ಚಿ, ಸೆರಗಿನಿಂದ ಯಂತ್ರದ ಮುಂದೆ ಮಾತ್ರ ಒಂದು ಸಲ ಸವರಿ, ಎದ್ದು ಬಂದೆ. ‘ಹಿಂದೆ ಒರೆಸಿ, ಹಿಂದೆ ಒರೆಸಿ’ ಎಂದು ಊರಿಗೆಲ್ಲ ಹೇಳಿಕೊಟ್ಟವಳು ಹಿಂದೆ ಒರೆಸಲಿಲ್ಲ.

ನಾಲ್ಕು ಗಂಟೆಗೆ ತಿರುಮಲಯ್ಯನವರು ಏದುಸಿರು ಬಿಡುತ್ತ ಮನೆಗೇ ಬಂದರು. ಹಿಂದೆಯೇ ಪಂಚಾಯ್ತಿ ಅಧ್ಯಕ್ಷೆ ದ್ಯಾಮಕ್ಕ. ಹಿಂದಿನ ವಾರ ಕೆರೆಯ ಪಡುವಣ ದಂಡೆಯಲ್ಲಿ ಹನ್ನೊಂದು ಮೀನು ಸತ್ತು ತೇಲಿದ್ದವು. ಊರೇ ಆ ನೀರು ಕುಡಿಯುತ್ತದೆ, ಹಾಗಾಗಿ ಎಲ್ಲರಿಗೂ ಭಯವಿತ್ತು. ಈಗ ಭರಮಣ್ಣ ಗ್ರಂಥಾಲಯಕ್ಕೆ ಬಂದು ಕಪ್ಪು ಕಿಟಕಿ ತೆರೆದು ಒಂದೇ ಬೆರಳಲ್ಲಿ ಏನನ್ನೋ ಕುಟ್ಟುತ್ತಿದ್ದನಂತೆ. ತಿರುಮಲಯ್ಯನವರು ಪುಸ್ತಕ ಜೋಡಿಸಲು ಅತ್ತ ಹೋದಾಗ ‘ಕೆರೆಗೆ ಎಷ್ಟು ಔಷಧಿ’ ಎಂಬುದು ಕಣ್ಣಿಗೆ ಬಿತ್ತಂತೆ.

“ನಾನು ಬೇಕಂತ ನೋಡ್ಲಿಲ್ಲ ಕಣಮ್ಮಾ. ಕಣ್ಣಿಗೆ ಬಿತ್ತು. ನನ್ನ ಕಂಡಿದ್ದೇ ತಟಕ್ಕನೆ ಮುಚ್ಚಿದ. ಒರೆಸೋಕೂ ನಿಲ್ಲದೆ ಹೊರಟ.”

“ಕಂಪ್ಯೂಟರ್ ಆರಿಸಿಲ್ಲ ತಾನೇ?” ಎಂದೆ.

“ಆರಿಸೋದಾ? ಯಾರೂ ಮುಟ್ಟದ ಹಾಗೆ ಸುತ್ತ ಕುರ್ಚಿ ಅಡ್ಡ ಇಟ್ಟು ಬಂದಿದೀನಿ.”

ಹೋಗಿ ಹುಡಿ ಇಳಿಸಿದೆ. ಒಂದೇ ಬೆರಳಲ್ಲಿ ಕುಟ್ಟುವವನಿಗೆ ಇದು ಹೆಚ್ಚಾಯಿತಲ್ಲ ಎನಿಸಿತು. ಬೆರಳಲ್ಲಿ ಉಜ್ಜಿದರೆ ಅರ್ಧ ನುಣ್ಣಗೆ, ಅರ್ಧ ತರಿ. ಆಗಲೇ ಹೊಳೆಯಬೇಕಿತ್ತು. ಸೆಖೆಗೆ ಹೀಗಾಗಿರಬೇಕು ಎಂದುಕೊಂಡು ಮನೆಗೆ ತಂದು ಒಲೆ ಹಚ್ಚಿದೆ. ಭರಮಣ್ಣನನ್ನೂ ಕರೆಸಿದರು. ಅವನು ಅಡಿಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತ.

ರೊಟ್ಟಿ ಉಬ್ಬಿತು. ಅಕ್ಷರ ಎದ್ದವು. ದ್ಯಾಮಕ್ಕ ಕನ್ನಡಕ ಮರೆತು ಬಂದಿದ್ದರಿಂದ ಮೂಗು ಸುಡುವಷ್ಟು ಬಗ್ಗಿ ಒಂದೊಂದೇ ಸಾಲು ಓದಿದಳು. ತಿರುಮಲಯ್ಯನವರು ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು.

“ಯಾರಿಗೂ ತಿಳಿಯದಂತೆ ಕೆರೆಗೆ ಇಳಿಯುವುದು ಹೇಗೆ. ಇಷ್ಟು ದೊಡ್ಡ ಕೆರೆಗೆ ಎಷ್ಟು ಔಷಧಿ ಹಾಕಬೇಕು. ಇಲ್ಲೇನೋ ಕಲಸಿಹೋಗಿದೆ, ಓದಕ್ಕಾಗ್ತಿಲ್ಲ. ಜನ ಆ ನೀರು ಕುಡಿದರೆ... ಮತ್ತೆ ಕಲಸಿದೆ. ಸೀರೆಯಲ್ಲೇ ಇಳಿಯಬಹುದೇ.”

ಮೊದಲ ಸಾಲು ಕೇಳಿದಾಗಲೇ ನನ್ನ ಕೈಯ ಸಟ್ಟುಗ ನಿಂತಿತು. ಅದು ನನ್ನದು. ಕೊನೆಯದೂ ನನ್ನದು. ಒಂದೇ ರೊಟ್ಟಿಯಲ್ಲಿ ಇಬ್ಬರ ಮಾತು ಬೆಸೆದುಕೊಂಡಿದ್ದವು.

“ಸೀರೆ ಉಟ್ಕೊಂಡು ಯಾರಿಗೂ ಗೊತ್ತಾಗದ ಹಾಗೆ ಇಳಿದು ಕುಡಿಯೋ ನೀರಿಗೆ ವಿಷ ಹಾಕ್ಬೇಕು ಅಂತಿದ್ಯೇನೋ ಭರಮಾ?” ಎಂದಳು ದ್ಯಾಮಕ್ಕ. “ನಾವು ಯಾರೋ ಹೆಂಗಸು ಬಟ್ಟೆ ಒಗೀತಿದಾಳೆ ಅಂದ್ಕೋಬೇಕಿತ್ತಾ?”

“ಅಕ್ಕಾ, ಈ ಮೀಸೆ ಇಟ್ಕೊಂಡು ನಾನು ಸೀರೆ ಉಡ್ತೀನಾ?” ಎಂದ ಭರಮಣ್ಣ. “ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆ. ಅದಕ್ಕೇನು ಔಷಧಿ ಅಂತ ಕೇಳಿದೆ. ಅಷ್ಟೇ. ಸೀರೆ ಗೀರೆ ನಂದಲ್ಲ.”

“ಅಷ್ಟೇ ಆಗಿದ್ರೆ ಕಪ್ಪು ಕಿಟಕಿ ಯಾಕೆ ಬೇಕಿತ್ತು?”

ಅವನು ತಲೆ ತಗ್ಗಿಸಿದ. “ಇಪ್ಪತ್ತೆಂಟು ವರ್ಷದ ನೀರಗಂಟಿ ನಾನು. ಮೀನಿಗೆ ಏನಾಗಿದೆ ಅಂತ ನಂಗೇ ಗೊತ್ತಿಲ್ಲ ಅಂತ ಊರಿಗೆಲ್ಲ ತಿಳೀಬೇಕಿತ್ತಾ?”

ಯಾರೂ ನಂಬಲಿಲ್ಲ. ರೊಟ್ಟಿ ಇಲ್ಲಿಯವರೆಗೆ ಸುಳ್ಳು ಹೇಳಿದ್ದಿಲ್ಲವಲ್ಲ. ನಾಳೆ ಹತ್ತು ಗಂಟೆಗೆ ಕೆರೆಯ ಮೆಟ್ಟಿಲ ಹತ್ತಿರ ಸಭೆ, ಅಲ್ಲಿ ಬೀಗದ ಕೈ ಒಪ್ಪಿಸಬೇಕು ಎಂದು ದ್ಯಾಮಕ್ಕ ಹೇಳಿದಳು. ಮಾತು ನನ್ನ ಗಂಟಲಿನವರೆಗೆ ಬಂತು. ನಲವತ್ತಮೂರು ವರ್ಷದ ಹೆಂಗಸು, ರೊಟ್ಟಿ ತಟ್ಟುವವಳು, ಕೆರೆಗೆ ಹಾರಬೇಕು ಅಂತಾಳಂತೆ ಎಂದು ಒಗೆಯುವ ಕಲ್ಲಿನ ಹತ್ತಿರ ಕೇಳಿಬರುವ ನಗು ಆಗಲೇ ಕಿವಿಯಲ್ಲಿತ್ತು. ಬಂದ ಮಾತನ್ನು ನುಂಗಿಕೊಂಡೆ.

ತಟ್ಟೆಯನ್ನು ಭರಮಣ್ಣನ ಮುಂದೆ ಹಿಡಿದೆ. ನಿಯಮದಂತೆ ಅವನು ತಿನ್ನಬೇಕಿತ್ತು. ಅವನು ರೊಟ್ಟಿಯನ್ನೂ ನನ್ನನ್ನೂ ನೋಡಿದ.

“ಬೇಡ ತಂಗಿ. ಇದರಲ್ಲಿ ಅರ್ಧ ನಂದಲ್ಲ. ಯಾರದೋ ಗುಟ್ಟು ನಾನು ತಿಂದ್ರೆ ಅವರಿಗೆ ಅದು ವಾಪಸ್ ಸಿಗಲ್ಲ.”

ಹಾಗೆಂದು ಹೊರಟುಹೋದ. ಸೊಂಟದಲ್ಲಿ ಬೀಗದ ಕೈಗಳು ಗಿಲಿಗಿಲಿ ಎನ್ನುತ್ತಿದ್ದವು.

ಆ ಸಂಜೆ ಕೆರೆಯ ಗೇಟಿಗೆ ಬೀಗ. ಇಂಚರ ಈಜಲಾಗದೆ ಅಡಿಗೆಮನೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ನಾನು ಅವರೆಕಾಳು ಹಿಸುಕುತ್ತಿದ್ದೆ. ಸುದ್ದಿ ಆಗಲೇ ಮಕ್ಕಳ ಕಿವಿಗೂ ಬಿದ್ದಿತ್ತು.

“ಭರಮಣ್ಣ ಸೀರೆ ಉಟ್ರೆ ಹೇಗಿರುತ್ತಮ್ಮಾ?” ಎಂದು ಕಿಸಕ್ಕನೆ ನಕ್ಕಳು. “ನೆರಿಗೆ ಯಾರು ಹಿಡೀತಾರೆ ಅವನಿಗೆ?”

ನನಗೂ ನಗು ಬಂತು. ನಕ್ಕೆವು, ಇಬ್ಬರೂ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅವಳು ಪೆನ್ಸಿಲ್ ಕಚ್ಚುತ್ತ ಕೇಳಿದಳು.

“ಅಲ್ಲಮ್ಮಾ, ಸೀರೆಯಲ್ಲೇ ಇಳೀಬಹುದಾ ಅಂತ ಕೇಳೋರು ದಿನಾ ಸೀರೆ ಉಡೋರೇ ಅಲ್ವಾ? ಭರಮಣ್ಣ ಆಗಿದ್ರೆ ಸೀರೆ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದ.”

ನಾನು ಕಾಳಿನಿಂದ ತಲೆ ಎತ್ತಲಿಲ್ಲ.

“ಆ ಹೆಂಗಸು ಯಾರೋ ಪಾಪ,” ಎಂದಳು ಇಂಚರ. “ಕೇಳಿದ್ರೆ ನಾನೇ ಕಲಿಸ್ತಿದ್ದೆ.”

ಬಟ್ಟಲಿನಲ್ಲಿ ಕಾಳಿಗಿಂತ ಸಿಪ್ಪೆಯೇ ಹೆಚ್ಚು ಬೀಳುತ್ತಿದೆ ಎಂದು ಆಗ ಕಂಡಿತು. ಎದ್ದು, ಅಟ್ಟದಿಂದ ಅತ್ತೆಯ ಕಾಲದ ಸಣ್ಣ ಕಣ್ಣಿನ ಜರಡಿ ಇಳಿಸಿ, ತೊಳೆದು ಒಣಗಲು ಇಟ್ಟೆ.

ಬೆಳಿಗ್ಗೆ ಇಂಚರಳಿಗೆ ಜಡೆ ಹಾಕಿ, ಒಲೆ, ಕಾವಲಿ, ಹಿಟ್ಟು, ಜರಡಿ, ಉಳಿದರ್ಧ ಹುಡಿಯ ಡಬ್ಬಿ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಕೆರೆಯ ಹತ್ತಿರ ಹೋದೆ. ಅರ್ಧ ಊರು ಸೇರಿತ್ತು. ಭರಮಣ್ಣ ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಬಿಚ್ಚಿದ ಜಾಗದಲ್ಲಿ ಪಂಚೆ ಸವೆದು ಬಣ್ಣ ಹೋಗಿತ್ತು.

“ಏನೇ ಇದು ಕಾಮಾಕ್ಷಿ, ತಿಂಡಿ ಇಲ್ಲೇನಾ?” ಎಂದಳು ದ್ಯಾಮಕ್ಕ.

“ಅಕ್ಕಾ, ನಿನ್ನೆಯ ರೊಟ್ಟಿ ತಪ್ಪು,” ಎಂದೆ. “ಇಬ್ಬರ ಹುಡಿ ಬೆರೆತಿತ್ತು. ನಾನು ಬೇರೆ ಮಾಡದೆ ತಟ್ಟಿದೆ. ಈಗ ಎಲ್ಲರ ಎದುರು ಬೇರೆ ಮಾಡ್ತೀನಿ.”

“ಇನ್ನೊಬ್ರು ಯಾರು?” ಎಂದರು ತಿರುಮಲಯ್ಯನವರು ಪೆನ್ನು ತೆಗೆಯುತ್ತ.

“ಮೊದಲು ಭರಮಣ್ಣನದು ಓದಿ.”

ಹುಡಿಯನ್ನು ಜರಡಿ ಹಿಡಿದೆ. ನುಣ್ಣಗಿನದು ಕೆಳಗಿನ ತಟ್ಟೆಗೆ ಬಿತ್ತು, ನಾಲ್ಕು ಗಂಟೆಯ ತರಿ ಮೇಲೆ ಉಳಿಯಿತು. ತರಿಯನ್ನು ಕಲಸಿ ಕಾವಲಿಗೆ ಹಾಕಿದೆ. ಈ ಸಲ ದ್ಯಾಮಕ್ಕನ ಮೂಗಿನ ಮೇಲೆ ಕನ್ನಡಕವಿತ್ತು. ಅವಳು ಗಟ್ಟಿಯಾಗಿ ಓದಿದಳು.

“ಮೀನಿಗೆ ಬಿಳಿ ಚುಕ್ಕೆ ಬಂದರೆ ಇಷ್ಟು ದೊಡ್ಡ ಕೆರೆಗೆ ಎಷ್ಟು ಔಷಧಿ ಹಾಕಬೇಕು. ಜನ ಆ ನೀರು ಕುಡಿದರೆ ಏನೂ ಆಗುವುದಿಲ್ಲ ತಾನೇ. ಮಕ್ಕಳು ಈಜಬಹುದೇ. ಎಷ್ಟು ದಿನ ಬೇಡ ಅನ್ನಬೇಕು.”

ಒಂದು ಅಕ್ಷರವೂ ಕಲಸಿರಲಿಲ್ಲ. ತಿರುಮಲಯ್ಯನವರು ಪೆನ್ನು ಕಿಸೆಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ನಡೆದು ಬಂದು, ಭರಮಣ್ಣನ ಅಂಗೈಯನ್ನು ಅವನ ಬೀಗದ ಕೈಗಳ ಮೇಲೆ ಮಡಚಿದರು. ಭರಮಣ್ಣ ಬಿಸಿ ರೊಟ್ಟಿಯನ್ನು ಊದಿ ಊದಿ ತಿಂದ.

“ಚಟ್ನಿ ತರೋಕಾಗ್ಲಿಲ್ವೇನಮ್ಮಾ?” ಎಂದ. ಜನ ನಕ್ಕರು.

ನಗು ನಿಲ್ಲುವ ಮೊದಲೇ ಎರಡನೆಯದನ್ನು ಕಾವಲಿಗೆ ಹಾಕಿಬಿಟ್ಟೆ. ನಿಂತರೆ ಧೈರ್ಯ ಆರಿಹೋಗುತ್ತಿತ್ತು. ನುಣ್ಣನೆಯ ಹುಡಿಯ ರೊಟ್ಟಿ ತೆಳ್ಳಗೆ, ಬೆಳ್ಳಗೆ ಉಬ್ಬಿತು. ಅದನ್ನು ತಟ್ಟೆಗೆ ಹಾಕಿ ದ್ಯಾಮಕ್ಕನ ಕೈಗೆ ಕೊಟ್ಟು ಹೇಳಿದೆ.

“ಇದು ನಂದು. ನಿನ್ನೆನೇ ಗೊತ್ತಾಗಿತ್ತು, ನಾಚಿಕೆಗೆ ಹೇಳ್ಲಿಲ್ಲ. ಭರಮಣ್ಣ, ನಿನ್ನ ಮೇಲೆ ಬಂದ ಮಾತೆಲ್ಲ ನನ್ನಿಂದ. ತಪ್ಪಾಯ್ತು.”

ದ್ಯಾಮಕ್ಕ ರೊಟ್ಟಿ ನೋಡಿದಳು. ನನ್ನನ್ನು ನೋಡಿದಳು. “ಓದ್ಲೇನೇ?”

“ಓದು ಅಕ್ಕಾ.”

“ಯಾರಿಗೂ ತಿಳಿಯದಂತೆ ಕೆರೆಗೆ ಇಳಿಯುವುದು ಹೇಗೆ. ನಲವತ್ತಮೂರನೇ ವಯಸ್ಸಿಗೆ ಈಜು ಬರುತ್ತದೆಯೇ. ಸೀರೆಯಲ್ಲೇ ಇಳಿಯಬಹುದೇ. ಮಗಳ ಜೊತೆ ತೇಲಬೇಕು.”

ಕೊನೆಯದು ಪ್ರಶ್ನೆಯಾಗಿರಲಿಲ್ಲ. ಅದನ್ನೂ ಕುಟ್ಟಿದ್ದೆನೆಂಬುದು ನನಗೇ ಮರೆತುಹೋಗಿತ್ತು.

ಕೆರೆಯ ಮೇಲಿನ ಗಾಳಿ ಒಮ್ಮೆ ಬೀಸಿ ಹೋಯಿತು. ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಹೆಂಗಸರತ್ತ ನೋಡಲಾಗದೆ ನಾನು ಒಲೆ ಆರಿಸುವವಳಂತೆ ಬಗ್ಗಿದೆ. ಆಗ ದ್ಯಾಮಕ್ಕನ ದನಿ ಕೇಳಿತು.

“ಅಯ್ಯೋ, ಇಷ್ಟೇನಾ! ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ ಕಣೇ. ನಾನು ಹಿಂದೆನೂ ಒರೆಸಿ ಬಂದಿದ್ದೆ, ಅಷ್ಟೇ ವ್ಯತ್ಯಾಸ.”

ಒಗೆಯುವ ಕಲ್ಲಿನ ಹತ್ತಿರದಿಂದ ಮೊದಲು ಒಂದು ನಗು ಎದ್ದಿತು, ಆಮೇಲೆ ಹತ್ತು. “ನಾನು ಎರಡು ಸಲ ಕೇಳಿದೀನಿ!” ಎಂದು ಯಾರೋ ಕೂಗಿದರು. “ನಂಗೆ ಕಂಪ್ಯೂಟರ್ ಬರಲ್ಲ, ಇಲ್ದಿದ್ರೆ ನಾನೂ ಕೇಳ್ತಿದ್ದೆ!” ಎಂದಿತು ಇನ್ನೊಂದು ದನಿ. ತಿರುಮಲಯ್ಯನವರು ಹೆಂಗಸರ ಗುಟ್ಟುಗಳು ಕಿವಿಗೆ ಬೀಳದಿರಲೆಂದು ಮರ್ಯಾದೆಯಿಂದ ಎರಡೂ ಕಿವಿ ಮುಚ್ಚಿಕೊಂಡು ಆಕಾಶ ನೋಡುತ್ತ ನಿಂತರು.

ನನ್ನ ರೊಟ್ಟಿಯನ್ನು ನಾನು ತಿಂದೆ. ಅಷ್ಟು ವರ್ಷ ಊರಿಗೆಲ್ಲ ತಟ್ಟಿಕೊಟ್ಟವಳು ಅದರ ರುಚಿ ನೋಡಿದ್ದು ಅವತ್ತೇ. ಉಪ್ಪಿಲ್ಲದೆಯೂ ಚೆನ್ನಾಗಿತ್ತು.

“ತಂಗಿ,” ಎಂದು ಭರಮಣ್ಣ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಹತ್ತಿರ ಬಂದ. “ಸೀರೆಯಲ್ಲೇ ಇಳೀಬಹುದಾ ಅಂತ ಕೇಳಿದ್ಯಲ್ಲ, ಇಳೀಬಹುದು. ಕಚ್ಚೆ ಹಾಕಿ ಬಿಗಿಯಾಗಿ ಉಟ್ಕೋ. ಅದನ್ನ ಕಂಪ್ಯೂಟರ್ ಕೇಳೋಕೆ ಹೋದ್ಯಾ? ನಾನಿಲ್ವಾ?”

“ನೀನ್ಯಾಕೆ ಮೀನಿನ ಔಷಧಿ ನನ್ನ ಕೇಳ್ಲಿಲ್ಲ?” ಎಂದು ಹಿಂದಿನಿಂದ ತಿರುಮಲಯ್ಯನವರು ಗದರಿದರು. “ಗ್ರಂಥಾಲಯದಲ್ಲಿ ಮೀನಿನ ಪುಸ್ತಕವೇ ಮೂರಿದಾವೆ!” ಕಿವಿ ಮುಚ್ಚಿಕೊಂಡವರಿಗೆ ಇದು ಹೇಗೆ ಕೇಳಿಸಿತೋ.

ಅವತ್ತು ಮಧ್ಯಾಹ್ನ ಅವರಿಬ್ಬರೂ ಆ ಪುಸ್ತಕಗಳನ್ನು ಬಿಸಿಲಿಗೆ ಹರಡಿಕೊಂಡು ಕೂತರು. ಕೆರೆಗೆ ಏನನ್ನೂ ಸುರಿಯಬೇಕಾಗಿರಲಿಲ್ಲ. ಚುಕ್ಕೆ ಬಿದ್ದ ಮೀನುಗಳನ್ನು ಬಲೆಯಲ್ಲಿ ಹಿಡಿದು ಉಪ್ಪುನೀರಿನ ಡ್ರಮ್ಮುಗಳಲ್ಲಿ ಇಟ್ಟರು. ಊರಿನ ಮನೆ ಮನೆಯಿಂದ ಒಂದೊಂದು ಬೊಗಸೆ ಉಪ್ಪು ಬಂತು. ನಮ್ಮ ಮನೆಯಿಂದ ಎರಡು. ಹನ್ನೆರಡನೆಯ ದಿನ ಮೀನುಗಳು ಮೈ ಹೊಳೆಯುತ್ತ ಕೆರೆಗೆ ಮರಳಿದವು.

ಅದರ ಮರುದಿನ ಸಂಜೆ ಐದಕ್ಕೆ ಹದಿನಾಲ್ಕು ಮಂದಿ ಹೆಂಗಸರು ಮೆಟ್ಟಿಲ ಮೇಲೆ ಸೇರಿದೆವು. ಎಲ್ಲರಿಗೂ ಕಚ್ಚೆ, ಎಲ್ಲರ ಬೆನ್ನಿಗೂ ಸೋರೆಬುರುಡೆ. ದ್ಯಾಮಕ್ಕ ಎರಡು ಕಟ್ಟಿಕೊಂಡಿದ್ದಳು. “ಅಧ್ಯಕ್ಷೆಗೆ ಒಂದು ಸಾಲಲ್ಲ ಕಣ್ರೇ,” ಎಂದು ಅವಳೇ ಹೇಳಿ ಅವಳೇ ನಕ್ಕಳು. ನನ್ನ ಬುರುಡೆಯ ಹಗ್ಗವನ್ನು ಬಿಗಿದವಳು ಇಂಚರ. ಗಂಟು ಸರಿಯಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು. ನಾನು ಅವಳ ಜಡೆಯನ್ನು ಜಗ್ಗಿ ನೋಡುವ ಹಾಗೆಯೇ.

ಐದನೆಯ ಮೆಟ್ಟಿಲು ತಣ್ಣಗಿತ್ತು. ಆರನೆಯದರಲ್ಲಿ ಪಾಚಿ. ಎಂಟನೆಯದಕ್ಕೆ ಸೊಂಟದವರೆಗೆ ನೀರು ಬಂದು ಸೀರೆ ಗುಳ್ಳೆಯಾಗಿ ಉಬ್ಬಿತು. ಹತ್ತನೆಯದರಿಂದ ಕಾಲು ಎತ್ತಿದೆ. ಒಂದು ಗುಟುಕು ನೀರು ಕುಡಿದೆ, ಕೆಮ್ಮಿದೆ, ಅಕ್ಕಪಕ್ಕದ ನಗುವನ್ನೆಲ್ಲ ಕೇಳಿಸಿಕೊಂಡೆ. “ತಲೆ ಹಿಂದಕ್ಕೆ ಹಾಕು ತಂಗಿ, ನೀರು ಹಿಡ್ಕೊಳುತ್ತೆ,” ಎಂದ ಭರಮಣ್ಣ ತೂಬಿನ ಕಟ್ಟೆಯಿಂದ. ತಲೆ ಹಿಂದಕ್ಕೆ ಹಾಕಿದೆ. ಕಿವಿಯೊಳಗೆ ನೀರು ತುಂಬಿ ಊರಿನ ಸದ್ದೆಲ್ಲ ದೂರವಾಯಿತು. ನೀರು ಹಿಡಿದುಕೊಂಡಿತು.

ಎಷ್ಟು ಹೊತ್ತು ಹಾಗೆ ತೇಲಿದೆನೋ ಗೊತ್ತಿಲ್ಲ. ತಲೆ ಎತ್ತಿದರೆ ನಾಲ್ಕನೆಯ ಮೆಟ್ಟಿಲ ಮೇಲೆ ಇಂಚರ ನನ್ನ ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು, ಕತ್ತು ಉದ್ದ ಮಾಡಿ ನೋಡುತ್ತ ಕೂತಿದ್ದಳು.

“ಆಳಕ್ಕೆ ಹೋಗ್ಬೇಡಮ್ಮಾ!” ಎಂದು ಕೂಗಿದಳು.

ನಾನು ಕೈ ಬೀಸಿದೆ.

“ಇಲ್ಲೇ ಇದೀನಿ ಕಣೇ!”